ಕಟ್ ಅಂದ ಮೇಲೆ

ಜನವರಿ 9, ಸಂಜೆ

ಮತ್ತೆ ಅದೇ. ಕ್ಲಾಸಿನಲ್ಲಿ ಬೆಣ್ಣೆ ತೆಗೆದ ಶಾಟ್ ಬಂದಾಗ ಮೇಡಂ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ನನ್ನದು ಬಂದಾಗ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು.

ಇದು ಎರಡನೇ ಅಭ್ಯಾಸ. ಒಬ್ಬ ಮನುಷ್ಯ, ಒಂದು ಬಾಗಿಲು, ಒಂದೇ ಶಾಟ್. ಫಿಲ್ಮ್ ಕ್ಲಾಸಿನ ಕೆಳಗೊಂದು ಗೋಡೌನ್ ಇದೆ. ಅದರ ವಾಚ್‌ಮನ್ ಶಟರ್ ಎಳೆಯುವುದನ್ನು ತೆಗೆದೆ. ಬೆಣ್ಣೆಯೂ ಅದನ್ನೇ ತೆಗೆದಳು — ಜಾಗ ಹುಡುಕಿದ್ದು ನಾನು, ಆದರೆ ಅವಳು ನನ್ನ ಪಾರ್ಟ್‌ನರ್, ಕಾಪಿ ಅನ್ನುವ ಹಾಗಿಲ್ಲ. ನನ್ನದರಲ್ಲಿ ಶಟರ್ ಕೆಳಗೆ ಬಂತು. ಮುಗಿಯಿತು. ಅವಳದರಲ್ಲಿ ಶಟರ್ ಬಂದ ಮೇಲೆ ಅವನು ಬೀಗ ಹಾಕಿ, ಸ್ವಲ್ಪ ದೂರ ಹೋಗಿ, ವಾಪಸ್ ಬಂದು ಬೀಗ ಜಗ್ಗಿ ನೋಡಿ, ಹೋಗಿ, ಮತ್ತೆ ಬಂದ. ಕ್ಲಾಸೆಲ್ಲ ನಕ್ಕಿತು. ನನಗೂ ನಗು ಬಂತು. ಅದೇ ಉರಿ.

"ಬಸ್ ತಪ್ಪಿಹೋಗತ್ತೇನಮ್ಮಾ ನಿಂಗೆ?" ಅಂದರು ಮೇಡಂ. "ಕಟ್ ಅನ್ನೋಕೆ ಅಷ್ಟೊಂದು ಅವಸರ?"

ಬೆಣ್ಣೆ ಅನ್ನುವ ಹೆಸರು ನಾನೇ ಇಟ್ಟದ್ದು. ಎಲ್ಲಿ ಬಿಟ್ಟರೂ ಜಾರಿಕೊಂಡು ಒಳಗೆ ಹೋಗುತ್ತಾಳೆ. ಡಿಗ್ರಿ ಇದೆ, ನಯವಾದ ಮಾತಿದೆ, ಇಸ್ತ್ರಿ ಹೊಡೆದಂಥ ಕೂದಲಿದೆ. ಚುಚ್ಚೋಕೆ ಅಂತಲೇ ಇಟ್ಟ ಹೆಸರು ಅಂತ ಗೊತ್ತಾಗಿಯೂ "ಚೆನ್ನಾಗಿದೆ ಕಣೇ" ಅಂದಳು. ಅದರ ಮೇಲೂ ಜಾರಿದಳು.

ಇಲ್ಲಿ ಸುಳ್ಳು ಬರೆಯುವುದಿಲ್ಲ. ಹೊಟ್ಟೆಕಿಚ್ಚು. ಬೇರೆ ಪದ ಸಿಗಲಿಲ್ಲ.

ಜನವರಿ 10

ಮೇಡಂ ಅಂದದ್ದನ್ನು ಊಟದ ಹೊತ್ತಿಗೆ ಹೇಳಿದೆ. ಅಮ್ಮ ತಟ್ಟೆ ಇಡುತ್ತಾ, "ಸ್ಕೂಲಿಗೇ ಕಟ್ ಹೇಳಿದವಳು ನೀನು. ಶಟರ್ ಯಾವ ಲೆಕ್ಕ?" ಅಂದಳು. ನಾನೂ ಅವಳೂ ನಕ್ಕೆವು. ಅಪ್ಪ ನಗಲಿಲ್ಲ.

ಕೊನೇ ವರ್ಷ, ಪರೀಕ್ಷೆಗೆ ಮೊದಲೇ ಸ್ಕೂಲು ಬಿಟ್ಟೆ. ಆವತ್ತಿನಿಂದ ಅಪ್ಪ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. "ಏಯ್." ಮೂಡ್ ಚೆನ್ನಾಗಿದ್ದರೆ "ಏನ್ರೀ ಡೈರೆಕ್ಟ್ರೇ."

ಜನವರಿ 22

ಕೊನೆಯ ಸಿನಿಮಾ. ಒಬ್ಬರ ಸಿನಿಮಾಕ್ಕೆ ಇನ್ನೊಬ್ಬರು ಕ್ಯಾಮೆರಾ. ಬೆಣ್ಣೆಯದು ಅವಳ ಅಪಾರ್ಟ್‌ಮೆಂಟಿನ ಲಿಫ್ಟ್ ಬಗ್ಗೆ. ನನ್ನದು ಅಪ್ಪನ ಬಗ್ಗೆ.

ಒಂದು ಜೋಡಿಯಿಂದ ಒಂದೇ ಸಿನಿಮಾ ದೊಡ್ಡ ಹಾಲ್‌ನಲ್ಲಿ ತೋರಿಸುತ್ತಾರೆ. ಅಂದರೆ ಅವಳದು ಅಥವಾ ನನ್ನದು. ಯಾವುದು ಅಂತ ಮೇಡಂ ಹೇಳುತ್ತಾರೆ. ನನ್ನದೇ ಆಗಬೇಕು. ಯಾವುದನ್ನಾದರೂ ಕೊನೇವರೆಗೆ ಮಾಡಿದ್ದೀನಿ ಅಂತ ಅಪ್ಪ ಕಣ್ಣಾರೆ ನೋಡಬೇಕು. ಅಷ್ಟೇ.

ಅಪ್ಪ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಅವರ ಕಾರಿನಲ್ಲಿ ಎರಡು ಬ್ರೇಕ್ — ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದ ಸೀಟಿನಲ್ಲಿ ಅಪ್ಪನ ಕಾಲಿಗೆ.

"ನಾನೇನು ಹೀರೋನಾ, ಸಿನಿಮಾ ತೆಗೆಯೋಕೆ?" ಅಂದರು.

ನಾನು ಬಾಯಿ ಬಿಡುವ ಮೊದಲೇ ಬೆಣ್ಣೆ: "ಹೀರೋ ಯಾಕೆ ಅಂಕಲ್, ಹೀರೋಗೆ ಒಂದೇ ಬ್ರೇಕು."

ಅಪ್ಪ ಹೊಟ್ಟೆ ಹಿಡಿದು ನಕ್ಕರು. ಆ ಜೋಕ್ ನನಗೆ ಹೊಳೆಯಬೇಕಿತ್ತು. ಕಾರು ನಮ್ಮದು.

ಫೆಬ್ರವರಿ 2

ಮೊದಲ ಶೂಟ್. ಕಲಿಯುವವರು ಬ್ಯಾಂಕಿನ ಆಂಟಿ — ರಿಟೈರ್ ಆದ ಮೇಲೆ ಕಾರು ಕಲಿಯುತ್ತಿದ್ದಾರೆ. ಸ್ಟಿಯರಿಂಗನ್ನು ಮಗು ಎತ್ತಿಕೊಂಡ ಹಾಗೆ ಹಿಡಿಯುತ್ತಾರೆ. ನಾನೂ ಬೆಣ್ಣೆಯೂ ಹಿಂದಿನ ಸೀಟು. ಮೊಣಕಾಲಿಗೆ ಮೊಣಕಾಲು.

ಅಪ್ಪ ನನ್ನ ಕಡೆ ತಿರುಗಲೇ ಇಲ್ಲ. ಕನ್ನಡಿಯಲ್ಲಿ ಬೆಣ್ಣೆಯನ್ನು ನೋಡಿ, "ಕೈ ನೋಯ್ತಿದೆಯಾ ಮಗಳೇ? ಸ್ವಲ್ಪ ನಿಲ್ಲಿಸ್ಲಾ?"

ಮಗಳೇ.

ನಾನು "ಕಟ್" ಅಂದೆ. ಶಾಟ್ ಮಧ್ಯದಲ್ಲಿ. ಕಾರಣ ಏನೂ ಇರಲಿಲ್ಲ. ಫ್ರೇಮ್ ಟೈಟಾಗಿಲ್ಲ ಅಂತ ಸುಳ್ಳು ಹೇಳಿದೆ. ಅವಳಿಗೆ ಹೇಳಿದ ಸುಳ್ಳು, ಈ ಡೈರಿಗೆ ಅಲ್ಲ.

ಫೆಬ್ರವರಿ 5

ಶೂಟ್ ಮುಗಿದ ಮೇಲೆ ಅಪ್ಪ ಬೆಣ್ಣೆಗೆ ಡ್ರೈವಿಂಗ್ ಕಲಿಸಿದರು. ಕೇಳಿದ್ದು ಅವಳೇ — ಅವಳಿಗೆ ಕೇಳೋಕೆ ಬರುತ್ತೆ. ಫ್ಯಾಕ್ಟರಿ ಹಿಂದಿನ ಖಾಲಿ ರಸ್ತೆ. ನಾನು ಕ್ಯಾಮೆರಾ ಬ್ಯಾಗ್ ಮಡಿಲಲ್ಲಿಟ್ಟುಕೊಂಡು ಫುಟ್‌ಪಾತ್ ಮೇಲೆ.

ಕ್ಲಚ್ ಬಿಟ್ಟಳು, ಗಾಡಿ ಕಪ್ಪೆ ಹಾಗೆ ಹಾರಿ ಆಫ್ ಆಯಿತು. ಅಪ್ಪ: "ಪರವಾಗಿಲ್ಲ ಮಗಳೇ, ಎಲ್ಲರಿಗೂ ಹೀಗೇ." ಮತ್ತೆ ಆಫ್. "ನಿಧಾನ ಮಗಳೇ."

ಹೋದ ವರ್ಷ ನನಗೆ ಕಲಿಸಿದರು. ಮೊದಲ ದಿನವೇ ಸರ್ಕಲ್ ಮಧ್ಯದಲ್ಲಿ ಆಫ್ ಮಾಡಿದೆ. "ಕಣ್ಣೇನು ನೆತ್ತಿ ಮೇಲಿದೆಯಾ? ಬ್ರೇಕು! ಬ್ರೇಕು!" ಅಂತ ಇಡೀ ಸರ್ಕಲ್ಲಿಗೆ ಕೇಳುವ ಹಾಗೆ ಕಿರುಚಿದರು. ನಾನು ಬಾಗಿಲು ತೆಗೆದು ಇಳಿದು ನಡೆದೇ ಮನೆಗೆ ಬಂದೆ. ಬಾಗಿಲು ಹಾಕಲೂ ಇಲ್ಲ. ಅಲ್ಲಿಗೆ ನನ್ನ ಡ್ರೈವಿಂಗ್ ಕಟ್.

ಊರಿಗೆಲ್ಲ ತಾಳ್ಮೆ ಹಂಚುತ್ತಾರೆ. ನನಗೆ ಬರುವಷ್ಟರಲ್ಲಿ ಸ್ಟಾಕ್ ಖಾಲಿ.

ಫೆಬ್ರವರಿ 6

ಕೊನೇ ಶೂಟ್. ಮಾರ್ಕೆಟ್ ರಸ್ತೆ. ಗಾಡಿ ಪಕ್ಕಕ್ಕೆ ಹಾಕಿಸಿ, ಇಂಜಿನ್ ಆಫ್ ಮಾಡಿಸಿ, ಅಪ್ಪನ ಪಾಠ ತೆಗೆಯೋಣ ಅಂದರೆ ಎದುರಿನ ಅಂಗಡಿಯ ರೇಡಿಯೋ. ಸೌಂಡೆಲ್ಲ ಹಾಳು. ಕಟ್ ಅಂದೆ. ಇಳಿದು ಹೋಗಿ ಸಣ್ಣದು ಮಾಡಿಸಿದೆ. ದಾರಿಯಲ್ಲಿ ಒಬ್ಬ ಬೈಕ್‌ನವನು ಬೈದ. ಎಲ್ಲರೂ ನನ್ನನ್ನೇ ಬೈಯುವುದು.

ಪಾಠ ಚೆನ್ನಾಗಿ ಬಂತು. ಅದರಲ್ಲೇ ಸಿನಿಮಾ ಮುಗಿಸುತ್ತೇನೆ. ಅಪ್ಪ ನೇರ ಕ್ಯಾಮೆರಾ ನೋಡಿ, "ರಸ್ತೇಲಿ ಎಲ್ಲರೂ ನಮ್ಮೋರೇ ಅಂತ ಓಡಿಸ್ಬೇಕು" ಅನ್ನುತ್ತಾರೆ.

ಫೆಬ್ರವರಿ 17, ಮಧ್ಯಾಹ್ನ, ಎಡಿಟಿಂಗ್ ರೂಮು

ಇದು ಸಿಟ್ಟಾ, ಇನ್ನೇನಾ — ಗೊತ್ತಿಲ್ಲ.

ಕ್ಲಿಪ್ ಜೋಡಿಸುತ್ತಿದ್ದೆ. ಪ್ರತಿ ಕ್ಲಿಪ್ಪೂ ನಾನು ಕಟ್ ಅಂದಲ್ಲಿ ನಿಲ್ಲುತ್ತಿಲ್ಲ. ಮುಂದಕ್ಕೆ ಓಡುತ್ತದೆ. ಬೆಣ್ಣೆ ಒಂದು ಸಲವೂ ಹೇಳಿದ ತಕ್ಷಣ ಆಫ್ ಮಾಡಿಲ್ಲ. ಡೈರೆಕ್ಟರ್ ನಾನು. ಕಟ್ ಅನ್ನುವುದು ನನ್ನ ಮಾತು. ಅದಕ್ಕೂ ಬೆಲೆ ಇಲ್ಲ.

ಬೈಯೋಣ ಅಂತ ರೇಡಿಯೋ ದಿನದ ಕ್ಲಿಪ್ ಪೂರ್ತಿ ನೋಡಿದೆ.

ಸೀಟುಗಳ ನಡುವಿನಿಂದ ಕೆಳಗೆ ಹಿಡಿದಿದ್ದಾಳೆ. ಅಪ್ಪನ ಕಾಲು ಮಾತ್ರ. ಸವೆದ ಚಪ್ಪಲಿ, ಪಕ್ಕದಲ್ಲಿ ಎರಡನೇ ಬ್ರೇಕು. "ಕಟ್" ನನ್ನ ದನಿ. ಬಾಗಿಲು ದಡಾರ್. ನನ್ನ ಹೆಜ್ಜೆ ದೂರವಾಗುತ್ತದೆ. ರೇಡಿಯೋ. ಆಮೇಲೆ ಹಾರ್ನ್ — ಉದ್ದಕ್ಕೆ, ಬೈಕಿನದು.

ಅಪ್ಪನ ಬಲಗಾಲು ಬ್ರೇಕನ್ನು ತಳಮುಟ್ಟ ಒತ್ತಿತು.

ನಿಂತ ಗಾಡಿ. ಇಂಜಿನ್ ಆಫ್. ರಸ್ತೆ ದಾಟುತ್ತಿದ್ದದ್ದು ನಾನು.

ಒತ್ತಿ ಹಿಡಿದೇ ಇದ್ದರು. ಬೆರಳುಗಳು ಬಿಳುಚಿಕೊಂಡಿವೆ. ದೂರದಿಂದ ನನ್ನ ದನಿ — "ಅಣ್ಣಾ, ಆ ರೇಡಿಯೋ ಸ್ವಲ್ಪ ಸಣ್ಣದು ಮಾಡ್ತೀರಾ?" — ಕೇಳಿಸಿದ ಮೇಲೆ ಕಾಲು ಮೆಲ್ಲಗೆ ಮೇಲೆ ಬಂತು.

ಬ್ಯಾಂಕಿನ ಆಂಟಿ: "ಯಾಕ್ ಸಾರ್? ಗಾಡಿ ಆಫ್ ಇದೆಯಲ್ಲ?"

ಅಪ್ಪ: "ಅಭ್ಯಾಸ."

ಎಷ್ಟು ಸಲ ನೋಡಿದೆನೋ. ನನ್ನ ಸಿನಿಮಾದ ಅತಿ ಒಳ್ಳೆಯ ಶಾಟ್. ತೆಗೆದದ್ದು ಅವಳು. ಸಿಕ್ಕಿದ್ದು ನನ್ನ ಕಟ್ ಆದ ಮೇಲೆ. ಆ ಕಾಲನ್ನು ನನಗಿಂತ ಮೊದಲು ಅವಳು ನೋಡಿದ್ದಾಳೆ. ಇದೊಂದನ್ನು ಹೇಗೆ ನುಂಗಲಿ.

ಫೆಬ್ರವರಿ 18

ಮತ್ತೆ ತೆಗೆಯುತ್ತೇನೆ ಅಂತ ಹೊರಟೆ. ನಾನೇ. ಬೆಣ್ಣೆಗೆ ಹೇಳಲಿಲ್ಲ. ಕ್ಯಾಮೆರಾವನ್ನು ಸೀಟಿಗೆ ಕಟ್ಟಿದೆ. ಹಾರ್ನ್ ಹೊಡೆಯೋಕೆ ಪಕ್ಕದ ಮನೆಯ ಸ್ಕೂಟರ್ ಮೇಲೆ ಅಮ್ಮನನ್ನು ಕೂರಿಸಿದೆ. ಕ್ಲಿಪ್ ತೋರಿಸದೆ, "ಅಪ್ಪ, ನಾನು ರಸ್ತೆ ದಾಟ್ತೀನಿ, ಹಾರ್ನ್ ಕೇಳಿದ ತಕ್ಷಣ ಬ್ರೇಕ್ ಒತ್ತಿ" ಅಂದೆ.

ಮೊದಲ ಸಲ ಹಾರ್ನ್‌ಗಿಂತ ಮೊದಲೇ ಒತ್ತಿದರು. ಎರಡನೇ ಸಲ ಅಮ್ಮ ಹಾರ್ನ್ ಬದಲು ಇಂಡಿಕೇಟರ್ ಹಾಕಿದಳು. ಮೂರನೇ ಸಲ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಎಷ್ಟು ಒತ್ಬೇಕು? ಪೂರ್ತಿನಾ, ಅರ್ಧನಾ?"

"ಆವತ್ತು ಒತ್ತಿದಷ್ಟು."

"ಯಾವತ್ತು?"

"ರೇಡಿಯೋ ದಿನ."

"ನಾನ್ಯಾಕೆ ಒತ್ಲಿ? ಗಾಡಿ ಆಫ್ ಇತ್ತಲ್ಲ!"

ನೆನಪೇ ಇಲ್ಲ. ಸುಳ್ಳು ಹೇಳುವ ಮುಖವಲ್ಲ ಅದು.

ತೆಗೆದದ್ದನ್ನೆಲ್ಲ ನೋಡಿದೆ. ಕಾಲು ಒತ್ತುತ್ತದೆ, ಅಷ್ಟೇ. ಹೊಸ ಶೂ ಬೇರೆ ಹಾಕಿಕೊಂಡಿದ್ದರು, ಸಿನಿಮಾ ಅಂತ. ಎಲ್ಲ ಅಳಿಸಿದೆ.

ಫೆಬ್ರವರಿ 20

ಕ್ಲಾಸಿನ ಮೆಟ್ಟಿಲ ಮೇಲೆ ಬೆಣ್ಣೆಯನ್ನು ಹಿಡಿದು ನಿಲ್ಲಿಸಿದೆ.

"ಕಟ್ ಅಂದ್ಮೇಲೂ ಯಾಕೆ ರೋಲ್ ಮಾಡ್ತಿದ್ದೆ?"

"ನೀನು ಬೇಗ ಅಂತೀಯ, ಅದಕ್ಕೆ." ಕಳ್ಳತನ ಸಿಕ್ಕಿಬಿದ್ದವಳ ಮುಖ ಅಲ್ಲವೇ ಅಲ್ಲ. "ಬ್ರೇಕ್ ನೋಡ್ದ್ಯಾ?"

"ನೋಡ್ದೆ."

"ಹೇಳೋಣ ಅಂತಿದ್ದೆ. ನೀನೇ ನೋಡ್ಲಿ ಅಂತ ಬಿಟ್ಟೆ."

"ದೊಡ್ಡ ಉಪಕಾರ ಆಯ್ತು. ನಮ್ಮಪ್ಪ, ನಮ್ಮ ಕಾರು, ನನ್ನ ಸಿನಿಮಾ. ಶಾಟ್ ಮಾತ್ರ ನಿಂದು. ಮಗಳೇ ಮಗಳೇ ಅಂತ ಅವರೂ ನಿನ್ನ ಹಿಂದೇನೇ."

ಅವಳು ಜೋರಾಗಿ ನಕ್ಕಳು. "ಲೇ, ಆ ಬ್ಯಾಂಕ್ ಆಂಟಿಗೂ ಮಗಳೇ ಅಂತಾರೆ ಕಣೇ! ಅವರಿಗೆ ಮೊಮ್ಮಕ್ಕಳಿದ್ದಾರೆ. ನಿಮ್ಮಪ್ಪನಿಗೆ ಯಾರ ಹೆಸ್ರೂ ನೆನಪಿರಲ್ಲ, ಅದಕ್ಕೆ ಎಲ್ಲರೂ ಮಗಳೇ."

ಅವಳ ನಗು ನಿಂತಿತು.

"ಕಾರೊಳಗೆ ನಾನೂ ಇದ್ನಲ್ಲ," ಅಂದಳು. "ಬ್ರೇಕ್ ನನಗಲ್ಲ ಒತ್ತಿದ್ದು. ನಮ್ಮನೇಲಿ ಯಾರೂ ಒತ್ತಲ್ಲ." ಬ್ಯಾಗ್ ಹೆಗಲಿಗೆ ಹಾಕಿಕೊಂಡು ಇಳಿದು ಹೋದಳು.

ಅಂದರೆ ಅವಳಿಗೂ ಹೊಟ್ಟೆಕಿಚ್ಚು ಇತ್ತು. ನನ್ನ ಮೇಲೆ. ಇಷ್ಟು ದಿನ ನಾನೊಬ್ಬಳೇ ಉರಿಯುತ್ತಿದ್ದೇನೆ ಅಂದುಕೊಂಡಿದ್ದೆ... ಸಮಾಧಾನ ಆಗಬೇಕಿತ್ತು. ಆಗಲಿಲ್ಲ.

ಮಾರ್ಚ್ 1

ಎರಡು ಸಿನಿಮಾ ಇವೆ ಈಗ. ಒಂದು ಅಪ್ಪನ ಭಾಷಣದಲ್ಲಿ ಮುಗಿಯುತ್ತದೆ — ಪೂರ್ತಿ ನನ್ನದು, ಸಾಧಾರಣ. ಇನ್ನೊಂದು ಕಾಲಿನಲ್ಲಿ ಮುಗಿಯುತ್ತದೆ. ಅದು ಒಳ್ಳೆಯದು.

ಒಳ್ಳೆಯದನ್ನು ಕೊಟ್ಟರೆ ಬೆಣ್ಣೆಯ ಲಿಫ್ಟ್ ಸಿನಿಮಾ ಸೋಲುತ್ತದೆ. ಅವಳ ಶಾಟ್‌ನಿಂದಲೇ. ಸಾಧಾರಣವನ್ನು ಕೊಟ್ಟರೆ ನಾನು ಸೋಲುತ್ತೇನೆ, ಆ ಕಾಲನ್ನು ಯಾರೂ ನೋಡುವುದಿಲ್ಲ. ಅಪ್ಪ ಕೂಡ.

ನನ್ನ ಕಟ್, ಬಾಗಿಲು, ಹೆಜ್ಜೆ, ಎಲ್ಲ ಇರಲಿ ಅಂತ ಬಿಟ್ಟೆ. ಅವಸರದವಳು ಯಾರು ಅಂತ ಎಲ್ಲರಿಗೂ ಕೇಳಲಿ. ಕಾಲು ಮೇಲೆ ಬಂದ ಮೇಲೂ ಕತ್ತರಿಸಲಿಲ್ಲ. ಕಾದೆ. ಅಪ್ಪ ಚಪ್ಪಲಿಯೊಳಗೆ ಬೆರಳು ಸರಿ ಮಾಡಿಕೊಳ್ಳುತ್ತಾರೆ. ಅದಾದ ಮೇಲೆ ಪರದೆ ಕಪ್ಪು.

ಸಿನಿಮಾದ ಹೆಸರು "ಅಭ್ಯಾಸ". ಕೆಳಗೆ: ಕೊನೆಯ ಶಾಟ್, ನಿರ್ದೇಶಕಿ ಕಟ್ ಅಂದ ಮೇಲೆ ತೆಗೆದವರು — ಅವಳ ನಿಜವಾದ ಹೆಸರು. ಇನಿಷಿಯಲ್ ಗೊತ್ತಿರಲಿಲ್ಲ, ಫೋನ್ ಮಾಡಿ ಕೇಳಬೇಕಾಯಿತು. "ಬೆಣ್ಣೆ ಅಂತಲೇ ಹಾಕು," ಅಂದಳು. ಹಾಕಲಿಲ್ಲ.

ಮಾರ್ಚ್ 4

ಮೇಡಂ ಎರಡೂ ನೋಡಿದರು. ಫ್ಲಾಸ್ಕ್ ಮುಟ್ಟಲಿಲ್ಲ. ನನ್ನದು ಮುಗಿದ ಮೇಲೆ ಹೆಸರುಗಳನ್ನು ಓದಿ, ನನ್ನ ಕಡೆ ತಿರುಗಿ, "ಇದನ್ನ ಬರೀಲೇಬೇಕಿತ್ತಾ?"

"ಹೌದು ಮೇಡಂ."

"ಸರಿ. ಹಾಲ್‌ಗೆ ಇದೇ ಹೋಗ್ಲಿ."

ಬೆಣ್ಣೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ ವಾಶ್‌ರೂಮಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದಳು. "ನನ್ನ ಶಾಟ್ ನನ್ನನ್ನೇ ಹೊಡೀತು ನೋಡು," ಅಂದಳು. ನಗು ಸರಿಯಾಗಿ ಕೂರಲಿಲ್ಲ. ಮೊದಲ ಸಲ ಎಲ್ಲಿಗೂ ಜಾರದೆ ನಿಂತಿದ್ದಳು.

ಅವಳನ್ನು ಹೀಗೆ ನೋಡಬೇಕು ಅಂತ ಎಷ್ಟು ದಿನ ಆಸೆಪಟ್ಟಿದ್ದೆ.

ಮಾರ್ಚ್ 13, ಬೆಳಿಗ್ಗೆ

ಬೆಣ್ಣೆಗೆ ಲೈಸೆನ್ಸ್ ಬಂತಂತೆ. ಮೊದಲ ಸಲಕ್ಕೇ. ಉರಿ ಇದೆ ಇನ್ನೂ, ಇಲ್ಲ ಅಂತ ಬರೆಯಲಾರೆ.

ಕೆಳಗೆ ಅಪ್ಪ ಗಾಡಿ ಒರೆಸುತ್ತಿದ್ದಾರೆ. ಬ್ಯಾಂಕಿನ ಆಂಟಿ ಬರುವ ಮೊದಲು ಸ್ವಲ್ಪ ಹೊತ್ತು ಸ್ಟಿಯರಿಂಗ್ ಕೊಡಿ ಅಂತ ನಾನೇ ಕೇಳಿದೆ. ಕೇಳೋದು ಅಷ್ಟೇನೂ ಕಷ್ಟ ಇಲ್ಲ. "ಸರ್ಕಲ್ ಮಧ್ಯ ಇಳಿದು ಹೋಗಲ್ಲ ತಾನೇ?" ಅಂದರು. ಹೋಗಲ್ಲ ಅಂದೆ. ಕಿರುಚ್ತೀನಿ ಅಂದರು. ಕಿರುಚಿ ಅಂದೆ.

ನಿನ್ನೆಯದು ಬರೆಯಬೇಕು, ಬೇಗ. ಹಾಲ್ ತುಂಬಿತ್ತು. ಅಪ್ಪ ಮಧ್ಯ, ಈ ಕಡೆ ನಾನು, ಆ ಕಡೆ ಬೆಣ್ಣೆ. ಸಿನಿಮಾ ಶುರುವಾಗುವವರೆಗೂ ಅಪ್ಪ ಅವಳ ಜೊತೆಯೇ ಮಾತು — ಟೆಸ್ಟಿನಲ್ಲಿ ರಿವರ್ಸ್ ಹೇಗೆ ಹೋಯ್ತು ಮಗಳೇ ಅಂತ. ನನಗೆ ಒಂದೇ ಮಾತು: "ಏಯ್, ಎಷ್ಟೊತ್ತಿದೆ ಇದು?" ಉತ್ತರ ಕೊಡುವಷ್ಟರಲ್ಲಿ ಕತ್ತಲು.

ಬ್ಯಾಂಕಿನ ಆಂಟಿ ಕಂಡಾಗ ಜನ ನಕ್ಕರು. ಅಪ್ಪನೂ ನಕ್ಕರು. ಆಮೇಲೆ ಪರದೆ ಮೇಲೆ ಅವರ ಚಪ್ಪಲಿ. ನನ್ನ ದನಿ, ಕಟ್. ಬಾಗಿಲು. ಹೆಜ್ಜೆ. ಅಪ್ಪ ಮುಂದಕ್ಕೆ ಬಾಗಿದರು. ಮುಂದೇನು ಅಂತ ನನಗೆ ಗೊತ್ತು, ಬೆಣ್ಣೆಗೆ ಗೊತ್ತು, ಅವರಿಗೊಬ್ಬರಿಗೆ ಗೊತ್ತಿಲ್ಲ. ಹಾರ್ನ್ ಬರುವ ಹೊತ್ತಿಗೆ ನಾನು ಪರದೆ ಬಿಟ್ಟು ಕೆಳಗೆ ನೋಡಿದೆ. ಸೀಟಿನ ಕೆಳಗೆ, ಕತ್ತಲಲ್ಲಿ. ಆ ಕಡೆಯಿಂದ ಬೆಣ್ಣೆಯೂ ಅಲ್ಲಿಗೇ ನೋಡುತ್ತಿದ್ದಳು. ಹಾರ್ನ್ ಬಂತು. ಅಪ್ಪನ ಬಲಗಾಲು ನೆಲಕ್ಕೆ —

ಕೆಳಗೆ ಹಾರ್ನ್. "ಏಯ್!" ಅಂತಿದ್ದಾರೆ. ಹಾಗೆ ಕರೆಯುವುದು ನನ್ನೊಬ್ಬಳನ್ನೇ. ಬಂದೆ ಅಪ್ಪ, ಒಂದು ನಿಮಿಷ, ಕಾಲು