ಹುಳು ಮೇಯುವ ಸದ್ದು

ಅತ್ತಮ್ಮಾ,

ಹುಳುಗಳ ಬೆಳಗಿನ ಸೊಪ್ಪಿನ ಕೆಲಸ ಮುಗಿದು, ಕೈ ತೊಳೆದು, ಹುಳುಮನೆಯ ಮುಂದಿನ ಕಟ್ಟೆಯ ಮೇಲೆ ನೀನು ಕೂರುತ್ತಿದ್ದ ಜಾಗದಲ್ಲೇ ಕೂತು ಬರೆಯುತ್ತಿದ್ದೇನೆ. ನಿನಗೆ ಓದು ಬರುತ್ತಿರಲಿಲ್ಲ ಅನ್ನುವುದು ಮರೆತಿಲ್ಲ. ಅದಕ್ಕೇನು? ಡೈರಿಯ ಚೀಟಿಯಿಂದ ಹಿಡಿದು ಮದುವೆ ಕರೆಯೋಲೆಯವರೆಗೆ ಎಲ್ಲವನ್ನೂ ನಾನೇ ಓದಿ ಹೇಳುತ್ತಿರಲಿಲ್ಲವಾ? ಇದನ್ನೂ ಜೋರಾಗಿ ಓದುತ್ತೇನೆ. ಈಗ ನನ್ನ ದನಿ ನನಗೇ ಕೇಳಿಸುತ್ತೆ, ಗೊತ್ತಾ? ಗಂಟಲು ಕಟ್ಟಿದ ಕೋಳಿಯ ಹಾಗಿದೆ. ಇಷ್ಟು ವರ್ಷ ಹೇಗೆ ಸಹಿಸಿಕೊಂಡೆ ನೀನು?

ನಾನು ನಿನ್ನ ಮಗನನ್ನು ಮದುವೆಯಾಗಿ ಈ ಮನೆಗೆ ಬಂದ ಮೊದಲ ಬೆಳೆ ನೆನಪಾಗುತ್ತೆ. ಬೈರಕೂರಿನಲ್ಲಿ ಟೊಮೇಟೊ ಸಾಲುಗಳ ನಡುವೆ ಬೆಳೆದವಳಿಗೆ ಕ್ಯಾಲನೂರಿನ ರೇಷ್ಮೆ ಹುಳು ಏನು ಗೊತ್ತು? ನೀನೂ ನಮ್ಮ ಮನೆಯ ಮಗಳೇ, ಅಪ್ಪನ ತಂಗಿ. ಹುಟ್ಟಿದಾಗಿನಿಂದ ನಿನ್ನನ್ನು ‘ನೀನು’ ಅಂದವಳು ಮದುವೆಯ ಮಾರನೇ ದಿನ ‘ನೀವು’ ಅಂದದ್ದಕ್ಕೆ, “ಯಾರೇ ಅದು, ನನ್ನ ಹಿಂದೆ ಯಾರಾದ್ರೂ ನಿಂತವ್ರಾ?” ಅಂತ ತಿರುಗಿ ನೋಡಿದ್ದೆ ನೀನು. ಅವತ್ತು ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನು ನಿಂತಿತ್ತು. ಹುಳುಮನೆಯ ಬಾಗಿಲಲ್ಲಿ ನನ್ನ ರಟ್ಟೆ ಹಿಡಿದು ನಿಲ್ಲಿಸಿ, “ವಿನವೇ ಭಾಗ್ಯಾ” ಅಂದೆ. ಪ್ರೀತಿ ಬಂದಾಗ ನಿನಗೆ ತೆಲುಗೇ ಬರುತ್ತಿತ್ತು. ಏನನ್ನು ಕೇಳಬೇಕು ಅಂತ ತಿಳಿಯದೆ ನಿನ್ನ ಮುಖ ನೋಡಿದೆ. ಆಮೇಲೆ ಕೇಳಿಸಿತು. ಸರಸರ, ಸರಸರ. ಒಳ್ಳೇ ಜಿನುಗು ಮಳೆ ಹಿಡಿದ ಹಾಗೆ. ನಾನು ಮಳೆ ಬಂತು ಅಂತ ಒಣಹಾಕಿದ ಬಟ್ಟೆ ತರಲು ಹೊರಗೆ ಓಡಿದ್ದೆ! ನೀನು ನಕ್ಕ ನಗುವಿಗೆ ಕೊಟ್ಟಿಗೆಯ ಹಸು ಮೆಲುಕು ನಿಲ್ಲಿಸಿ ನಮ್ಮ ಕಡೆ ನೋಡಿತ್ತು.

ಒಳಗೆ ಕಾಲಿಡುವ ಮುಂಚೆ ನೀನು ಯಾವತ್ತೂ ಆ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ. ತಲೆ ಸ್ವಲ್ಪ ಓರೆ ಮಾಡಿ, ಬಾಯಿ ಅರ್ಧ ತೆರೆದು. ಯಾವ ಮೂಲೆಯಲ್ಲಿ ಸೊಪ್ಪು ಮುಗಿದಿದೆ, ಯಾವ ಹುಳು ಮಂಕಾಗಿವೆ ಅಂತ ಅಲ್ಲಿಂದಲೇ ಅಂದಾಜು ಮಾಡುತ್ತಿದ್ದೆ. ತಪ್ಪುವುದೂ ಇತ್ತು ಬಿಡು. ತಪ್ಪಿದ ದಿನ ಫ್ಯಾನಿಗೆ ಬೈಯುತ್ತಿದ್ದೆ.

ನನ್ನ ಚಿಕ್ಕ ಮಗನನ್ನು ಅಂಗನವಾಡಿಗೆ ಸೇರಿಸಿದ ವರ್ಷದ ಆ ದಿನವನ್ನು ನಾವಿಬ್ಬರೂ ಆಮೇಲೆ ಯಾವತ್ತೂ ಮಾತಿಗೆ ತರಲಿಲ್ಲ. ನಾನು ಬಾಗಿಲಲ್ಲಿ ನಿಂತೆ. ಒಳಗೆ ಸದ್ದೇ ಇಲ್ಲ. “ಅತ್ತಮ್ಮಾ, ಹುಳು ಮೇಯ್ತಿಲ್ಲ!” ಅಂತ ಕೂಗಿಕೊಂಡು ಬಂದೆ. ನೀನು ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತೆ. ಹುಳುಗಳನ್ನು ನೋಡಲಿಲ್ಲ. ತಿರುಗಿ ನನ್ನನ್ನು ನೋಡಿದೆ. ಆ ನೋಟ…

“ಮೇಯ್ತಾ ಅವೆ ಕಣೇ,” ಅಂದೆ.

ಕುಕ್ಕರ್ ಕೂಗಲೇ ಇಲ್ಲ ಅಂತ ಕಾದು ಅನ್ನ ಹೊತ್ತಿಸಿದ್ದು, ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ ಅಂತ ನಾನು ಸಿಡುಕುತ್ತಿದ್ದದ್ದು, ಎಲ್ಲಾ ಆಗ ಅರ್ಥವಾಯಿತು. ಆಮೇಲಿನ ವರ್ಷಗಳಲ್ಲಿ ಕಿವಿ ಇಳಿಯುತ್ತಲೇ ಹೋಯಿತು. ನೀನು ಮಾತ್ರ ಒಂದು ಹೊಸ ಪದ್ಧತಿ ಮಾಡಿಕೊಂಡೆ. ಹುಳುಮನೆಯಿಂದ ಬಂದಾಗಲೆಲ್ಲ ನನ್ನ ಹೆಗಲು ತಟ್ಟಿ, ನಾನು ತಿರುಗಿ ಮುಖ ನೋಡುವವರೆಗೆ ಕಾದು, “ಮೇಯ್ತಾ ಅವೆ” ಅನ್ನುವುದು. ಮಾತು ಕೇಳಿಸದಿದ್ದರೂ ನಿನ್ನ ತುಟಿ ಕಾಣುತ್ತಿತ್ತು. ಅಷ್ಟು ಸಾಕಾಗಿತ್ತು ನನಗೆ.

ಕಿವಿಗೆ ಮಿಷನ್ ಹಾಕಿಸಿಕೋ ಅಂತ ನೀನು ಹಿಂದೆ ಬಿದ್ದದ್ದು ಒಂದು ಸಲವಾ? “ಕಣ್ಣಿಗೆ ಕನ್ನಡಕ ಹಾಕ್ಕಂಡ್ರೆ ಮೇಷ್ಟ್ರು ಅಂತಾರೆ, ಕಿವೀಗ್ ಹಾಕ್ಕಂಡ್ರೆ ಯಾಕೆ ನಾಚ್ಕೆ?” ಅನ್ನುತ್ತಿದ್ದೆ. “ನೀನಿದ್ದೀಯಲ್ಲ, ನನಗ್ಯಾಕೆ ಮಿಷನ್ನು?” ಅಂದರೆ, “ನಾನೇನ್ ಗೂಟ ಹೊಡ್ಕಂಡು ಇಲ್ಲೇ ಇರ್ತೀನಾ?” ಅಂತ ರೇಗುತ್ತಿದ್ದೆ. ಇರಲಿಲ್ಲ ನೀನು. ಹೋದ ಮಾಘದಲ್ಲಿ ಹೊರಟೇಬಿಟ್ಟೆ. ಹೆಗಲು ತಟ್ಟುವವರಿಲ್ಲದೆ ಈ ಮನೆ ಎಷ್ಟು ನಿಶ್ಶಬ್ದವಾಯಿತು ಅಂದರೆ… ಬಿಡು.

ನೀನಿಲ್ಲದ ಮೊದಲ ಬೆಳೆ ಕೈಕೊಟ್ಟಿತು. ಕೊನೆಯ ಹಂತದಲ್ಲಿ ಹುಳು ಹಸಿದುಕೊಂಡು ಗೂಡು ಬೆಂಡಾಗಿ ಬಂದವು. ನಿನ್ನ ಮಗ ಮುನಿರಾಜ ಮಾರುಕಟ್ಟೆಯಿಂದ ಬಂದವನೇ ನನ್ನ ಎದುರು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ. “ಅಮ್ಮ ಇದ್ದಾಗ ರೇಷ್ಮೆ ನಡೀತು. ಇನ್ನೊಂದ್ ಬೆಳೆ ನೋಡಾಣ. ಆಮೇಲೆ ಸೊಪ್ಪಿನ ಗಿಡ ಕಿತ್ತಾಕಿ ಟೊಮೇಟೊ ಇಡಾಣ ಭಾಗ್ಯ. ನಿನ್ ಕೈಲೂ ಆಗಲ್ಲ, ನನ್ ಕೈಲೂ ಆಗಲ್ಲ.” ಅವನ ಮೇಲೆ ಸಿಟ್ಟು ಬರಲಿಲ್ಲ. ಆದರೆ ಈ ಹುಳುಮನೆಗೆ ಬೀಗ ಬಿದ್ದರೆ ನೀನು ಇನ್ನೊಂದು ಸಲ ಹೋದ ಹಾಗಾಗುತ್ತೆ ಅನ್ನಿಸಿತು. “ಆ ಬೆಳೆಗೆ ಮುಂಚೆ ನನ್ನನ್ನ ಕೋಲಾರಕ್ಕೆ ಕರ್ಕೊಂಡ್ಹೋಗು ಬಾವ, ಕಿವಿಗೆ ತೋರಿಸ್ಬೇಕು,” ಅಂದೆ. ನೀನಿದ್ದಾಗ ಆಡಬೇಕಾಗಿದ್ದ ಮಾತು.

ಕೋಲಾರದಲ್ಲಿ ಕಿವಿ ಪರೀಕ್ಷೆ ಮಾಡುವ ಮೇಡಂ ನನ್ನನ್ನು ಗಾಜಿನ ಕಿಟಕಿಯ ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತಿ ಅಂದರು. ಬಹಳ ಹೊತ್ತು ಕೈ ಎತ್ತುವ ಕೆಲಸವೇ ಬೀಳಲಿಲ್ಲ. ಎರಡೂ ಕಿವಿಯ ನರ ಸೋತಿದೆ, ಇದಕ್ಕೆ ಹೆಚ್ಚು ಶಕ್ತಿಯ ಮಿಷನ್ನೇ ಬೇಕು ಅಂತ ಬರೆದು ತೋರಿಸಿದರು. ನಾನು ಗಾಜಿನ ಪೆಟ್ಟಿಗೆಯಲ್ಲಿದ್ದ ಕಡಲೆಬೀಜದಷ್ಟು ಸಣ್ಣದರ ಮೇಲೆ ಕಣ್ಣಿಟ್ಟಿದ್ದೆ. ಕಿವಿಯೊಳಗೇ ಅಡಗಿಬಿಡುತ್ತೆ, ಯಾರಿಗೂ ಕಾಣುವುದಿಲ್ಲ. ಅದರ ಶಕ್ತಿ ನಿಮ್ಮ ಕಿವಿಗೆ ಸಾಲುವುದಿಲ್ಲ ಅಂದರು ಮೇಡಂ. “ಗಾಡಿಗೆ ಕರು ಕಟ್ಟಿದಂಗೆ ಅಂತೀರಾ,” ಅಂದನಂತೆ ನಿನ್ನ ಮಗ. ಕೊನೆಗೆ ಕಿವಿಯ ಹಿಂದೆ ಕೂರುವ ದಪ್ಪನೆಯದೇ ಗತಿಯಾಯಿತು. ಕಿವಿಯೊಳಕ್ಕೆ ತಣ್ಣನೆಯ ಹಿಟ್ಟಿನಂಥದ್ದು ತುಂಬಿ ಅಚ್ಚು ತೆಗೆದರು. ಆ ಅಚ್ಚು ಬಿಗಿಯಾಗಿ ಕೂತರೇ ಸದ್ದು ಆಚೆಗೆ ಸೋರದೆ ಒಳಗೆ ಹೋಗುತ್ತದಂತೆ.

ಮೊದಲನೇ ಅಚ್ಚು ಬಿಗಿಯಾಗಿರಲಿಲ್ಲ ಅನ್ನುವುದು ಶ್ರೀನಿವಾಸಪುರದಲ್ಲಿ ನಿನ್ನ ಮಗಳು ಪದ್ಮಳ ಮನೆಯಲ್ಲಿ ಊರಿಗೆಲ್ಲ ತಿಳಿಯಿತು. ಮನೆ ಹಿಂದಿನ ಮಾವಿನ ತೋಟದಲ್ಲಿ ಊಟಕ್ಕೆ ಕೂತಿದ್ದೆವು. ನಾನು ಅಗಿದಾಗಲೆಲ್ಲ ಮಿಷನ್ ಕೀ ಅಂತ ಶಿಳ್ಳೆ ಹೊಡೆಯುತ್ತಿತ್ತು. ಅಷ್ಟು ಕೀಚಲು ಸದ್ದು ನನಗೆ ಕೇಳಿಸುವುದಿಲ್ಲ, ಉಳಿದವರಿಗೆಲ್ಲ ಕೇಳಿಸುತ್ತೆ! ಪದ್ಮ ಎದ್ದು ಕುಕ್ಕರ್ ಆರಿಸಿ ಬಂದಳು. ಅವಳ ಗಂಡ ಬೈಕ್ ನೋಡಿ ಬಂದ. ಕೊನೆಗೆ ಹೊರಡುವಾಗ ಪದ್ಮ ನನ್ನನ್ನು ಅಪ್ಪಿಕೊಂಡಳು ನೋಡು, ಅವಳ ಕಿವಿಯ ಪಕ್ಕದಲ್ಲೇ ಕೂಗಿತು. “ಅಯ್ಯೋ ದೇವುಡಾ, ಇದಾ!” ಅಂತ ಅವಳು ಹಾರಿಬಿದ್ದಳು. ನೀನಿದ್ದಿದ್ದರೆ ತಿಂಗಳುಗಟ್ಟಲೆ ಇದನ್ನೇ ಹೇಳಿಕೊಂಡು ನಗುತ್ತಿದ್ದೆ. ಮೇಡಂ ಮತ್ತೆ ಅಚ್ಚು ತೆಗೆದು ಬೇರೆ ಮಾಡಿಸಿಕೊಟ್ಟರು.

ಹೊಸ ಅಚ್ಚು ಹಾಕಿಕೊಂಡು ಬಂದ ಮೊದಲ ವಾರ ನನಗೆ ತಲೆನೋವೋ ತಲೆನೋವು. ಪಾತ್ರೆ ಇಟ್ಟರೆ ಗುಂಡು ಹೊಡೆದ ಹಾಗೆ, ನಲ್ಲಿ ಬಿಟ್ಟರೆ ಕೆರೆ ಕೋಡಿ ಹರಿದ ಹಾಗೆ. ಮೇಡಂ ಒಂದೇ ಸಲಕ್ಕೆ ಪೂರ್ತಿ ಶಕ್ತಿ ಕೊಡದೆ, ಹೋದಾಗಲೆಲ್ಲ ಸ್ವಲ್ಪ ಸ್ವಲ್ಪ ಏರಿಸುತ್ತಾ ಬಂದರು. ಆಮೇಲೆ ಒಂದೊಂದೇ ಸದ್ದು ತನ್ನ ಜಾಗಕ್ಕೆ ಬಂದು ಕೂತಿತು. ಹಸುವಿನ ಕೊರಳ ಗಂಟೆ. ನನ್ನ ಬಳೆ. ಚಿಕ್ಕವನ ದನಿ ಒಡೆದು ಗಂಡಸಿನ ದನಿಯಾಗಿದೆ ಅತ್ತಮ್ಮ, ಅದು ನನಗೆ ಗೊತ್ತೇ ಇರಲಿಲ್ಲ! ಅವನು “ಅಮ್ಮಾ” ಅಂದಾಗ ಯಾರೋ ಅಂತ ಗಾಬರಿಯಾಗಿ, ಆಮೇಲೆ ಅವನನ್ನು ಹಿಡಿದುಕೊಂಡು ಅತ್ತೆ. ಇನ್ನೊಂದು ಮಾತು. ನಿನ್ನ ಮಗ ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ ಒಬ್ಬನೇ ಗೊಣಗುತ್ತಾನಲ್ಲ, ಅದನ್ನು ಯಾಕೆ ನನಗೆ ಹೇಳಲಿಲ್ಲ ನೀನು?

ಅಷ್ಟರಲ್ಲಿ ನಿನ್ನ ಮಗ ನೋಡೋಣ ಅಂದಿದ್ದ ಬೆಳೆಯ ಹುಳು ಕೊನೆಯ ಸಲ ಪೊರೆ ಬಿಟ್ಟು ನಾಲ್ಕನೇ ಜ್ವರ ಎದ್ದಿದ್ದವು. ನಾನು ಹೋಗಿ ನಿನ್ನ ಬಾಗಿಲಲ್ಲಿ ನಿಂತೆ. ಒಳಗೆ ಹಸಿರು ಸೊಪ್ಪಿನ ಮೇಲೆ ಬೆಳ್ಳಗೆ ಹುಳು ಹರಿದಾಡುತ್ತಿದ್ದವು. ಸದ್ದಿಲ್ಲ. ಹತ್ತಿರ ಹೋಗಿ ಬಗ್ಗಿದೆ. ಸದ್ದಿಲ್ಲ. ಹಿಂದಿನಿಂದ ನಿನ್ನ ಮಗ, “ಕೇಳಿಸ್ತಾ?” ಅಂದದ್ದು ಸ್ಪಷ್ಟವಾಗಿ ಕೇಳಿಸಿತು. ಅದಕ್ಕೇ ಇನ್ನೂ ಅಳು ಬಂತು. ಊರಿನ ಮಾತೆಲ್ಲ ಕೇಳಿಸಿ ಇದೊಂದೇ ಕೇಳಿಸದಿದ್ದರೆ ಆ ಮಿಷನ್ ಯಾಕೆ ಬೇಕಿತ್ತು? ಇನ್ನೊಂದು ವಾರ ಕಳೆಯುವುದರೊಳಗೆ ಹುಳು ಹಣ್ಣಾಗಿ ಮೇವು ಬಿಟ್ಟು ಗೂಡು ಕಟ್ಟಲು ಏರುತ್ತವೆ. ಆಮೇಲೆ ಕೇಳಲು ಮುಂದಿನ ಬೆಳೆಯೇ ಇಲ್ಲ.

ಮಾರನೇ ದಿನವೇ ಕೋಲಾರದ ಬಸ್ಸು ಹತ್ತಿದೆವು. ನಾನು ಮೇಡಂಗೆ ಎಲ್ಲ ಬಿಡಿಸಿ ಹೇಳಿದೆ. ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ನಾವು ಜ್ವರ ಅನ್ನುತ್ತೇವೆ, ನಾಲ್ಕನೇ ಜ್ವರ ಎದ್ದ ಮೇಲೆ ಅವು ಬಕಾಸುರನ ಹಾಗೆ ಮೇಯುತ್ತವೆ, ಆ ಸದ್ದು ನನಗೆ ಬೇಕು ಅಂತ.

“ಆ ಸದ್ದು ಬಿಟ್ಟು ಬಿಟ್ಟು ಬರುತ್ತಾಮ್ಮ, ಒಂದೇ ಸಮ ಇರುತ್ತಾ?”

“ಒಂದೇ ಸಮ ಮೇಡಂ. ಜಿನುಗು ಮಳೆ ಥರ.”

ಮೇಡಂ ಹಣೆ ಚಚ್ಚಿಕೊಂಡರು. ಮನುಷ್ಯರ ಮಾತು ಏರುತ್ತೆ, ಇಳಿಯುತ್ತೆ, ನಿಲ್ಲುತ್ತೆ. ಒಂದೇ ಸಮ ಬರುವುದನ್ನೆಲ್ಲ ಮಿಷನ್ ಫ್ಯಾನಿನ ಸದ್ದು, ಮೋಟರಿನ ಸದ್ದು ಅಂತ ತಿಳಿದು ತಾನೇ ಅಡಗಿಸಿಬಿಡುತ್ತದಂತೆ. “ನಿಮಗೆ ಮಾತು ಚೆನ್ನಾಗಿ ಕೇಳಿಸ್ಲಿ ಅಂತ ನಾನೇ ಹಾಗೆ ಇಟ್ಟಿದ್ದೆ. ಅದು ಹುಳುವಿನ ಸದ್ದನ್ನ ಗಲಾಟೆ ಅಂದ್ಕೊಂಡಿದೆ,” ಅಂದರು.

“ಗಲಾಟೆ ಅಲ್ಲ ಮೇಡಂ, ಅದೇ ನಮ್ ಬೆಳೆ,” ಅಂದ ನಿನ್ನ ಮಗ. ಅಂದವನೇ ಜೇಬಿನಿಂದ ಫೋನ್ ತೆಗೆದ. ಆ ದಿನ ಬೆಳಿಗ್ಗೆ ನನಗೆ ಹೇಳದೆ ಹುಳುಮನೆಗೆ ಹೋಗಿ, ಫ್ಯಾನ್ ಆರಿಸಿ, ಸೊಪ್ಪಿನ ಪಕ್ಕ ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡು ಬಂದಿದ್ದನಂತೆ! ರೇಷ್ಮೆ ಸಾಕು ಅಂದವನು ಇವನೇನಾ ಅನ್ನಿಸಿತು. ನಿನ್ನ ಮಗ ಅನ್ನುವುದು ಕೆಲವು ಸಲ ಹೀಗೆ ಗೊತ್ತಾಗುತ್ತೆ.

ಮೇಡಂ ಅದನ್ನು ಸ್ಪೀಕರಿನಲ್ಲಿ ಹಾಕಿ, ನನ್ನ ಮಿಷನ್ನಿಗೂ ಕಂಪ್ಯೂಟರಿಗೂ ಜೋಡಿಸಿ, “ಈಗ?” “ಈಗ?” ಅಂತ ಕೇಳುತ್ತಾ ತಿರುಗಿಸಿ ತಿರುಗಿಸಿ ನೋಡಿದರು. ಇಲ್ಲ, ಇಲ್ಲ, ಇಲ್ಲ. ಆಮೇಲೆ ಏನೋ ಒಂದು… ಹಸು ದೂರದಲ್ಲಿ ಉಸಿರು ಬಿಟ್ಟ ಹಾಗೆ. “ಸಣ್ಣ ದನಿ ಹಿಡಿಯೋ ಶಕ್ತಿ ನಿಮ್ಮ ಕಿವಿಗೆ ವಾಪಸ್ ಬರಲ್ಲಮ್ಮ. ಅದನ್ನ ದಪ್ಪ ದನಿಗೆ ಇಳಿಸಿ ಕೊಟ್ಟಿದ್ದೀನಿ. ನಿಮ್ಮ ನೆನಪಲ್ಲಿರೋ ಸದ್ದು ಇದಾಗಿರಲ್ಲ,” ಅಂತ ನೇರವಾಗಿ ಹೇಳಿದರು. ಮಾತಿಗೆ ಒಂದು, ಹುಳುವಿಗೆ ಒಂದು ಅಂತ ಬೇರೆ ಬೇರೆ ಮಾಡಿ, ಗುಂಡಿ ಒತ್ತಿದರೆ ಬದಲಾಗುವ ಹಾಗೆ ಇಟ್ಟುಕೊಟ್ಟರು.

ಇವತ್ತು ಬೆಳಿಗ್ಗೆ ನಿನ್ನ ಮಗ ಸೊಪ್ಪು ಹಾಕಿ ಮುಗಿಸಿದ ಮೇಲೆ ಫ್ಯಾನ್ ಆರಿಸಿದೆ. ಬಾಗಿಲಲ್ಲಿ ನಿಂತು ಗುಂಡಿ ಒತ್ತಿದೆ. ಪೀಂ ಪೀಂ ಅಂತು. ಮೊದಲು ನನ್ನ ಉಸಿರು. ಆಮೇಲೆ, ಅತ್ತಮ್ಮಾ, ಅದು ಬಂತು. ಮಳೆಯಲ್ಲ. ಮೇಡಂ ಹೇಳಿದ್ದು ನಿಜ. ಪಕ್ಕದ ಮನೆಯಲ್ಲಿ ಯಾರೋ ರಾಗಿ ಕೇರುತ್ತಿದ್ದ ಹಾಗೆ, ತಗ್ಗಿದ, ಒರಟು ಸದ್ದು. ಆದರೆ ಬಿಡದೆ, ಕೋಣೆಯ ತುಂಬ. ಕಣ್ಣೀರು ಬಂತು. ಹುಳುಗಳಿಗೆ ರೋಗ ಬರದಿರಲಿ ಅಂತ ಉದುರಿಸಿದ್ದ ಸುಣ್ಣ ಕೈಗೆ ಅಂಟಿತ್ತು, ಒರೆಸಿಕೊಳ್ಳುವ ಹಾಗೂ ಇಲ್ಲ, ಹಾಗೇ ಹರಿಯಲು ಬಿಟ್ಟೆ. ಕೇಳುತ್ತಾ ಕೇಳುತ್ತಾ ಹುಳುವಿನ ಅಟ್ಟಣಿಗೆಗಳ ಸಾಲಿನ ಉದ್ದಕ್ಕೂ ನಡೆದೆ. ಹಿಂದಿನ ಗೋಡೆಯ ಹತ್ತಿರ ಬಂದಾಗ ಸದ್ದು ತೆಳ್ಳಗಾಗಿ, ನಿಂತುಹೋಯಿತು. ಹಿಂದಕ್ಕೆ ಬಂದೆ, ಇದೆ. ಮುಂದಕ್ಕೆ ಹೋದೆ, ಇಲ್ಲ.

“ಬಾವ, ಈ ಹುಳು ಮೇಯ್ತಿಲ್ಲ,” ಅಂದೆ.

ನಿನ್ನ ಮಗ ತಿರುಗಿ ನನ್ನನ್ನು ನೋಡಿದ. ಹುಳುಗಳನ್ನಲ್ಲ, ನನ್ನನ್ನು. ಅದೇ ನಿನ್ನ ನೋಟ ಅತ್ತಮ್ಮ, ಅವತ್ತಿನದೇ. “ಮಿಷನ್ ಸರಿಯಾಗಿ ಕೂತೈತಾ ನೋಡ್ಕೊ,” ಅಂದ ಮೆಲ್ಲಗೆ.

“ನನ್ ಕಿವಿ ಸರಿಗೈತೆ. ನೀನ್ ಬಂದು ನೋಡು.”

ಬಂದು ಬಗ್ಗಿದ. ಗೋಡೆ ಕಡೆಯ ಕೆಳಗಿನ ಅಂತಸ್ತಿನಲ್ಲಿ ಬರೀ ಕಡ್ಡಿ ಉಳಿದಿತ್ತು. ಹುಳುಗಳು ತಲೆ ಎತ್ತಿ ಅತ್ತ ಇತ್ತ ಸೊಪ್ಪು ಹುಡುಕುತ್ತಿದ್ದವು. ಕತ್ತಲ ಮೂಲೆ, ಸೊಪ್ಪು ಹಾಕುವಾಗ ಬಿಟ್ಟೇಹೋಗಿತ್ತು. ಅವನೇ ಹೋಗಿ ಒಂದು ಹೊರೆ ಸೊಪ್ಪು ತಂದು ಹರಡಿದ. ನಾವಿಬ್ಬರೂ ಅಲ್ಲೇ ಕೂತು ಕಾದೆವು. ಸದ್ದು ಶುರುವಾದಾಗ ನಾನು ಅವನ ಹೆಗಲು ತಟ್ಟಿದೆ. ಅವನಿಗೂ ಕೇಳಿಸುತ್ತೆ, ಗೊತ್ತು. ಆದರೂ ತಟ್ಟಿದೆ. ಎದ್ದು ಪಂಚೆ ಕೊಡವಿಕೊಂಡು, “ನಾಳೆ ಹೋಗಿ ಮುಂದಿನ್ ಬೆಳೆಗೆ ಮರಿ ಹುಳಕ್ಕೆ ಹೇಳಿ ಬರ್ತೀನಿ,” ಅಂದ. ಗೊಣಗುತ್ತಲೇ ಅಂದ.

ಇಷ್ಟು ದಿನ ನೀನು ಬಂದು ಹೇಳುತ್ತಿದ್ದೆ, ನಾನು ನಿನ್ನ ತುಟಿ ನೋಡುತ್ತಿದ್ದೆ. ಇವತ್ತು ನಾನೇ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಬಂದು ನಿನಗೆ ಹೇಳುತ್ತಿದ್ದೇನೆ.

ಮೇಯ್ತಾ ಅವೆ, ಅತ್ತಮ್ಮಾ.

ನಿನ್ನ ಭಾಗ್ಯ