ಅಮ್ಮನ ಜ್ವರ

ಕಲ್ಯಾಣದುರ್ಗದ ಹತ್ತಿರ, ತವರುಮನೆ
ಶನಿವಾರ, ಜುಲೈ ೧೨

ಪ್ರೀತಿಯ ಗೌರಕ್ಕನಿಗೆ ಯೇಸುವಿನ ಹೆಸರಿನಲ್ಲಿ ನಿನ್ನ ಶ್ರೀವಾಣಿಯ ವಂದನೆ.

ಹಿಂದೂಪುರದಲ್ಲಿ ನನ್ನ ಹೊಲಿಗೆ ಅಂಗಡಿ ಮುಚ್ಚಿರುವುದನ್ನು ಕಂಡು ಗಾಬರಿಯಾಗಿರುತ್ತೀಯ. ಓಡಿಹೋಗಿಲ್ಲ ಕಣಕ್ಕ. ಓಡುವ ವಯಸ್ಸಿನಲ್ಲೇ ಓಡಲಿಲ್ಲ, ನಲವತ್ತೈದರಲ್ಲಿ ಮಂಡಿ ಬಿಡುತ್ತದೆಯೇ?

ಹೋದ ವಾರ ಅಣ್ಣ ಮಲ್ಲಿಕಾರ್ಜುನಪ್ಪ ಫೋನ್ ಮಾಡಿ, "ಅಮ್ಮಂಗೆ ಜ್ವರ ಕಣಮ್ಮ, ನಿನ್ನೇ ಕನವರಿಸ್ತಾವ್ಳೆ, ಬಂದ್ಬುಡು" ಅಂದ. ಬಂದು ನೋಡಿದರೆ ಅಮ್ಮ ಜಗಲಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನನ್ನ ಮುಖ ಮಾತ್ರ ನೋಡಲಿಲ್ಲ. ಅಣ್ಣ ನನ್ನ ಫೋನ್, ಬೈಬಲ್ ಎರಡನ್ನೂ ಎತ್ತಿಟ್ಟು, ಹಿಂದಿನ ಕೋಣೆಗೆ ಕಳಿಸಿ ಬೀಗ ಜಡಿದ.

ಅವನು ಊರಿನ ಸರ್ಪಂಚ್. "ಅಪ್ಪ ಕಟ್ಸಿದ ಗುಡಿ ನೋಡ್ಕೊಳ್ಳೋನು ನಾನು. ನನ್ನ ತಂಗೀನೇ ದೀಕ್ಷಾಸ್ನಾನ ತಕೊಂಡ್ರೆ ಊರೋರಿಗೆ ಹೆಂಗಮ್ಮ ಮುಖ ತೋರಿಸ್ಲಿ?" ಅಂದ. ಕಣ್ಣಲ್ಲಿ ನೀರಿತ್ತು. ಬೈಯುವ ಅಣ್ಣನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾಳೆ ಅಲ್ಲಿ ನೀವೆಲ್ಲ ನನ್ನ ದೀಕ್ಷಾಸ್ನಾನಕ್ಕೆ ಕಾಯುವ ಹೊತ್ತಿಗೆ, ಇಲ್ಲಿ ಊರ ಹಿರಿಯರ ಮುಂದೆ ನಾನು ಯೇಸುವನ್ನು ಬಿಟ್ಟೆ ಅನ್ನಬೇಕಂತೆ. ಅನ್ನದಿದ್ದರೆ ಈ ಮನೆಗೆ ನಾನು ಸತ್ತ ಹಾಗೆ. ಅಮ್ಮನನ್ನು ಮತ್ತೆಂದೂ ನೋಡುವಂತಿಲ್ಲ.

ಕೋಣೆಯಲ್ಲಿ ಕಡಲೆಕಾಯಿ ಮೂಟೆಗಳು, ನಾನು, ಒಂದು ಹಲ್ಲಿ. ಹಲ್ಲಿ ಸೂರಿನ ಸಂದಿಯಿಂದ ಹೋಗಿಬರುತ್ತದೆ. ಸರ್ಪಂಚರ ಅಪ್ಪಣೆ ಅದಕ್ಕೆ ತಲುಪಿಲ್ಲ. ಪ್ರಾಸದ ಚಟ ಇಲ್ಲೂ ಬಿಟ್ಟಿಲ್ಲ: ಕಿಟಕಿಗೆ ಕಂಬಿ, ಕೂತಿದ್ದೇನೆ ನಂಬಿ. ಒಂದೊಂದು ಹೊತ್ತು ಪ್ರಾಸ ಉಳಿಯುತ್ತದೆ, ನಂಬಿಕೆ ಕೈಗೆ ಸಿಗುವುದಿಲ್ಲ. ಆಗ, ಕರ್ತನೇ, ಸರ್ಪಂಚ್ ಯಾರೇ ಆಗಿರಲಿ, ಊರು ನಿನ್ನದು ಎನ್ನುತ್ತೇನೆ. ಹಾಗಂದ ಮಾತ್ರಕ್ಕೆ ಕೋಣೆಯೇನೂ ದೊಡ್ಡದಾಗುವುದಿಲ್ಲ. ಉಸಿರಾಡುವುದು ಸ್ವಲ್ಪ ಸಲೀಸು, ಅಷ್ಟೇ.

ನಾಳೆ ಏನು ಹೇಳುತ್ತೇನೆಂದು ನಿನಗೆ ಗೊತ್ತು. ಬಿಟ್ಟೆ ಅನ್ನಲಾರೆ. ಆಮೇಲಿನದು ಕರ್ತನಿಗೆ ಸೇರಿದ್ದು. ನೀನು ಅಳಬೇಡ, ಪ್ರಾರ್ಥಿಸು. ಪತ್ರ ತರುವ ಪಕ್ಕದ ಮನೆ ಸುವರ್ಣಮ್ಮನಿಗೆ ಕಾಫಿ ಕೊಡು. ಏನೂ ಕೇಳಬೇಡ, ಕೇಳಿದರೆ ಎಲ್ಲವನ್ನೂ ಹೇಳಿಬಿಡುತ್ತಾಳೆ.

ಬಾಗಿಲಾಚೆಯ ಬೆಳಕನ್ನು ನೆನೆಯುತ್ತ,
ನಿನ್ನ ಶ್ರೀವಾಣಿ

ತಾ.ಕ.: ಒಂದು ಮಾತು ಬರೆಯದೆ ಬಿಟ್ಟಿದ್ದೆ. ಮಧ್ಯಾಹ್ನ ಅಣ್ಣ ಪೇಟೆಗೆ ಹೋದದ್ದೇ ಅಮ್ಮ ಬಂದು ಬೀಗ ತೆಗೆದಳು. "ಹೋಗ್ಬುಡು ತಲ್ಲೀ, ಈಗ ಬಸ್ಸೈತೆ. ಅವನ್ನ ನಾನು ನೋಡ್ಕೊಂತೀನಿ" ಅಂದಳು. ಅವಳ ಕೈ ಹಿಡಿದೆ. ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಈ ಸಲ ಜ್ವರ ನಿಜ ಗೌರಕ್ಕ. ಬಸ್ಸು ಹೋಯಿತು. ಇದನ್ನೆಲ್ಲ ಬರೆದದ್ದು ಆ ಕೋಣೆಯಲ್ಲಲ್ಲ, ಅಮ್ಮನ ಹಾಸಿಗೆ ಪಕ್ಕ, ಅವಳ ಹಣೆಯ ಒದ್ದೆ ಬಟ್ಟೆ ಬದಲಿಸುತ್ತ. ಸುವರ್ಣಮ್ಮ ಹಿತ್ತಲಲ್ಲಿ ಕಾಯುತ್ತಿದ್ದಾಳೆ. ಅಣ್ಣನ ಬೈಕಿನ ಸದ್ದು ಕೇಳುತ್ತಿದೆ. ಕೋಣೆಯ ಬಾಗಿಲು ತೆರೆದೇ ಇದೆ, ನೋಡಲಿ.