ಒಲೆಯ ಮೇಲಿಟ್ಟ ಮದ್ದು

ಹೂವಪ್ಪ,

ನೀನು ತೀರಿಕೊಂಡು ವರ್ಷವಾಯಿತು. ಆದರೂ ಈ ಸುದ್ದಿಯನ್ನು ನಿನಗೇ ಹೇಳಬೇಕು.

ಹೋದ ವಾರ ನಮ್ಮವಳು ಒಲೆಯ ಮೇಲಿನ ಹಲಗೆಯಿಂದ ಕೋವಿಮದ್ದಿನ ಡಬ್ಬಿ ಇಳಿಸಿದಳು. ಮುಚ್ಚಳ ತೆಗೆದರೆ ಮೂಗು ಉರಿಸುವ ಹುಳಿ ವಾಸನೆ, ಒಳಗೆಲ್ಲ ಕೆಂಪು ಧೂಳು. ರಿಪ್ಪನ್‌ಪೇಟೆಯಿಂದ ಕೋವಿ ರಿಪೇರಿಯ ಶೇಷಪ್ಪ ಬಂದು ನೋಡಿದ.

"ಒಲೆ ಮೇಲಿಟ್ಟಿದ್ರಾ? ಇದೆಂತ ಹಪ್ಪಳವಾ ಮಾರಾಯ್ರೇ!" ಎಂದು ನಕ್ಕ. "ಕರಿಮದ್ದಾದ್ರೆ ಬೆಚ್ಚಗಿಡ್ಬೇಕು, ಸರಿ. ಇದು ಹೊಗೆ ಬರದ ಮದ್ದು. ಬಿಸಿ ತಾಗಿದ್ರೆ ಒಳಗೊಳಗೇ ಕೆಡ್ತದೆ. ತಾನಾಗೇ ಹೊತ್ಕಂಡಿಲ್ಲ, ನಿಮ್ ಪುಣ್ಯ."

ಅಪ್ಪ ಕರಿಮದ್ದನ್ನು ಅಲ್ಲೇ ಇಡುತ್ತಿದ್ದ, ನಾನೂ ಇದನ್ನು ಅಲ್ಲೇ ಇಟ್ಟೆ. ಆ ಡಬ್ಬಿಯ ಮದ್ದನ್ನೇ ನೀನು ತೋಟಾಗಳಿಗೆ ತುಂಬಿಕೊಟ್ಟಿದ್ದು. ಗದ್ದೆಗೆ ಬಂದ ಹಂದಿಯನ್ನು ಬೆದರಿಸಲು ಹೊಡೆದಾಗ ತೋಟಾ ಠುಸ್ಸೆಂದಿತು. "ಹೂವಪ್ಪ ಮದ್ದು ಕದ್ದು ಕಮ್ಮಿ ತುಂಬಿದಾನೆ" ಎಂದೆ, ಅಲ್ಲಿದ್ದ ನಾಲ್ವರ ಎದುರು. ಆಮೇಲೆ ನೀನು ನಮ್ಮ ಮನೆ ಮೆಟ್ಟಿಲು ಹತ್ತಲಿಲ್ಲ.

ಅವರಲ್ಲಿ ಮೂವರಿಗೆ ನಿಜ ಹೇಳಿ ಬಂದೆ. ನಾಲ್ಕನೆಯವಳು ನಿನ್ನ ಹೆಂಡತಿ ಮೀನಾಕ್ಷಮ್ಮ. ಅಂಗಳಕ್ಕೆ ಹೋಗಿ ನಿಂತೆ.

"ಏನ್ ಬಂದ್ರಿ ಅಣ್ಣ?" ಎಂದಳು.

"ಕತ್ತಿ ಬೇಕಿತ್ತು" ಎಂದೆ.

ಕೊಟ್ಟಳು. ಐದು ದಿನವಾಯಿತು, ಕತ್ತಿ ಇನ್ನೂ ನಮ್ಮಲ್ಲೇ ಇದೆ.